ಬಾಕಿ ಬರೆದಿಡದ ರಾಜಿ

(ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಾಣಿಕೆದಾರರು, ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಸ್ಥರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಸಭೆಗೆ ಬರುವುದಕ್ಕೆ ಮುಂಚೆ ಗೂಡಿನ ಮಾರುಕಟ್ಟೆಯ ಬಳಿ ಒಂದು ಹೋಟೆಲಿನಲ್ಲಿ ಟೀ ಕುಡಿಯುತ್ತ ಕುಳಿತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹಿರಿಯರು. ಒಬ್ಬರು ಬಿಚ್ಚಾಣಿಕೆ ಕಸುಬಿನ ಸಾಹೇಬರು, ಇನ್ನೊಬ್ಬರು ಗೂಡು ಮಾರಿ ದುಡ್ಡಿಗೆ ಕಾಯುತ್ತಿದ್ದ ರೈತರು. "ಏನು ಗೌಡ್ರೇ, ಎತ್ತಿನಹೊಳೆ ನೀರು ನಮ್ಮ ಕಾಲಕ್ಕೆ ಬರುತ್ತದಾ?" ಎಂದು ಸಾಹೇಬರು ಕೇಳಿದರು. "ಎಲ್ಲಾ ಅಷ್ಟೇ ಬಿಡಿ ಸಾಹೇಬ್ರೇ. ಅದು ಓಟಿನ ಹೊಳೆ. ಓಟು ಬಂದಾಗ ಹರಿಯುತ್ತೆ, ಆಮೇಲೆ ಬತ್ತುತ್ತೆ" ಎಂದರು ರೈತರು. ಇಬ್ಬರೂ ನಕ್ಕರು. ಕೇಳಿಸಿಕೊಂಡ ನಾನೂ ನಕ್ಕೆ. ಎದ್ದು ನಾಲ್ಕು ಹೆಜ್ಜೆ ಬಂದ ಮೇಲೆ ನಾನು ನಕ್ಕದ್ದು ಸರಿಯಾಗಲಿಲ್ಲವೆಂದು ತೋರಿತು. ಆ ನಗುವಿನಿಂದ ನಮಗೆ ಮೂವರಿಗೂ ಒಂದು ಕಾಸಿನ ಲಾಭವಿಲ್ಲ. ಲಾಭವಾದದ್ದು, ನಾವು ಯಾರನ್ನು ನೆನೆದು ನಕ್ಕೆವೋ ಅವರಿಗೆ.

ಈ ದಿನ ನಾನು ಮಾತಾಡಬೇಕೆಂದಿರುವುದು ಈ 'ಎಲ್ಲಾ ಅಷ್ಟೇ ಬಿಡಿ' ಎಂಬ ಮಾತಿನ ಬಗ್ಗೆ, ಮತ್ತು ಅದರ ಅಣ್ಣನಾದ ರಾಜಿಯ ಬಗ್ಗೆ. ಅಣ್ಣ ವಿಧಾನಸೌಧದಲ್ಲಿ ಇರುತ್ತಾನೆ, ತಮ್ಮ ನಮ್ಮ ಹೋಟೆಲಿನ ಬೆಂಚಿನ ಮೇಲೆ ಇರುತ್ತಾನೆ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಬದುಕುವುದಿಲ್ಲ.

ಮೊದಲು ಆಕಾಶದ ಸಮಾಚಾರ. ಲೋಕದ ಶಾಖ ಏರುತ್ತಿದೆ ಎಂಬುದು ಈಗ ವಾದದ ವಿಷಯವಾಗಿ ಉಳಿದಿಲ್ಲ. ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆಯಿಂದ ಭೂಮಿಯ ಸರಾಸರಿ ಉಷ್ಣತೆ ಯಂತ್ರಯುಗಕ್ಕೆ ಹಿಂದಿನದಕ್ಕಿಂತ 2024ನೇ ಇಸವಿಯಲ್ಲಿ ಸುಮಾರು ಒಂದೂವರೆ ಡಿಗ್ರಿಗೂ ತುಸು ಹೆಚ್ಚಾಗಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ಲೆಕ್ಕ ಕೊಟ್ಟಿದೆ. ಒಂದೂವರೆ ಡಿಗ್ರಿ ಎಂದರೆ ಏನು ಮಹಾ ಎಂದು ಕೇಳುವವರಿದ್ದಾರೆ. ರೇಷ್ಮೆಯವರು ಹಾಗೆ ಕೇಳಲಾರರು. ಹುಳುವಿಗೆ 24ರಿಂದ 28 ಡಿಗ್ರಿಯ ಒಳಗೆ ಮನೆ ಬೇಕು. ಅದರ ಮೇಲೆ ನಾಲ್ಕು ದಿನ ಬಿಸಿಲು ನಿಂತರೆ ಸೊಪ್ಪು ತಿನ್ನುವುದನ್ನು ಬಿಟ್ಟು ಸಪ್ಪೆ ರೋಗಕ್ಕೆ ಬೀಳುತ್ತದೆ ಎಂಬುದನ್ನು ಇಲ್ಲಿ ಕುಳಿತಿರುವ ಹೆಂಗಸರು ನನಗಿಂತ ಚೆನ್ನಾಗಿ ಬಲ್ಲರು. ಗೌರಿಬಿದನೂರಿನಿಂದ ಬಂದಿರುವ ಗಿರಣಿಯ ಸಂಗಾತಿಗಳಿಗೂ ಇದು ಗೊತ್ತಿದೆ. ನೂಲು ಕಡಿಯಬಾರದೆಂದು ಷೆಡ್ಡಿನಲ್ಲಿ ತೇವ ಇಡುತ್ತಾರೆ. ತೇವವಿದ್ದಲ್ಲಿ ಬೆವರು ಆರುವುದಿಲ್ಲ. ಹೊರಗೆ ಬಿಸಿಲು ಎರಡು ಡಿಗ್ರಿ ಏರಿದರೆ ಒಳಗೆ ಮೈ ಬೇಯುತ್ತದೆ. ನೂಲಿನ ಆರೋಗ್ಯಕ್ಕೆ ಯಂತ್ರವಿದೆ, ನೂಲುವವನ ಆರೋಗ್ಯಕ್ಕೆ ಇಲ್ಲ.

ಇನ್ನು ಮಳೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡ 7ರಷ್ಟು ಹೆಚ್ಚು ತೇವಾಂಶವನ್ನು ಹೊತ್ತುಕೊಳ್ಳಬಲ್ಲದು. ಆದುದರಿಂದ ಕಾಯಿಸುವಾಗ ಬಹಳ ದಿನ ಕಾಯಿಸುತ್ತದೆ, ಸುರಿಯುವಾಗ ಒಟ್ಟಿಗೆ ಸುರಿಯುತ್ತದೆ. ಇದನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. 2021ರ ಆಗಸ್ಟಿನಲ್ಲಿ ನಂದಿಬೆಟ್ಟದ ರಸ್ತೆ ಕುಸಿದು ಕೊಚ್ಚಿಹೋಯಿತು. ಅದೇ ವರ್ಷ ನವೆಂಬರಿನಲ್ಲಿ ಎಷ್ಟೋ ವರ್ಷಗಳಿಂದ ತುಂಬದ ಕೆರೆಗಳು ಕೋಡಿ ಬಿದ್ದವು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ಮೊಳಕೆಯೊಡೆಯಿತು, ಮಣ್ಣಿನ ಮನೆಗಳು ಬಿದ್ದವು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು.

ನಮ್ಮ ಹಿರಿಯರು ಇಂಥ ಆಕಾಶವನ್ನು ಅರಿಯದವರಲ್ಲ. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆ, ಅದೂ ಕೆಲವೇ ದಿನಗಳಲ್ಲಿ, ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿಬೆಟ್ಟದ ಸುತ್ತಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆಂದು ಶಾಲೆಯಲ್ಲಿ ಓದುತ್ತೇವೆ. ಹುಟ್ಟುವುದು ಇಲ್ಲಿ, ಹರಿಯುವುದು ಬೇರೆ ಕಡೆ. ಈಗಂತೂ ಹುಟ್ಟುವುದೇ ಕಷ್ಟವಾಗಿದೆ. ಇದನ್ನು ತಿಳಿದೇ ಅವರು ಕೋಲಾರ ಸೀಮೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿದರು. ಒಂದರ ಕೋಡಿ ಇನ್ನೊಂದರ ಕಾಲುವೆ. ಮೇಲಿನ ಕೆರೆ ತುಂಬಿದರೆ ಕೆಳಗಿನದಕ್ಕೆ ಹರಿಯಬೇಕು, ಒಂದು ಹನಿ ನಷ್ಟವಾಗಬಾರದು. ತೂಬು ಎತ್ತುವುದಕ್ಕೆ ನೀರುಗಂಟಿ. ಒಂದೇ ದಿನ ಸುರಿದ ಮಳೆಯನ್ನು ಹಿಡಿದು ಎಂಟು ತಿಂಗಳು ಉಣ್ಣುವ ಏರ್ಪಾಡು ಅದು. ಈಗ ಪಂಡಿತರು ಲೋಕದ ದೊಡ್ಡ ದೊಡ್ಡ ಪಟ್ಟಣಗಳಲ್ಲಿ ಸೇರಿ, ಹವಾಗುಣ ಕೆಟ್ಟ ಕಾಲದಲ್ಲಿ ಹೊಂದಿಕೊಂಡು ಬದುಕುವ ಉಪಾಯ ಯಾವುದೆಂದು ಹುಡುಕುತ್ತಿದ್ದಾರೆ. ಆ ಉಪಾಯದ ಮೇಲೆ ನಾವು ಸೈಟು ಮಾಡಿ ಮಾರಿದ್ದೇವೆ.

ಕೆರೆ ಹೋದ ಮೇಲೆ ಬಾವಿ, ಬಾವಿ ಬತ್ತಿದ ಮೇಲೆ ಬೋರ್‌ವೆಲ್. ತಿರುಚೆಂಗೋಡಿನ ಬೋರ್ ಲಾರಿ ಊರಿಗೆ ಬಂತೆಂದರೆ ಮದುವೆಯ ದಿಬ್ಬಣ ಬಂದಹಾಗೆ ಜನ ಸೇರುತ್ತಾರೆ. ಸಾವಿರ ಅಡಿ, ಸಾವಿರದ ಇನ್ನೂರು ಅಡಿ, ಸಾವಿರದ ಐನೂರು ಅಡಿ. ದೂಳು ಬಂದರೆ ಸಾಲ, ನೀರು ಬಂದರೆ ಫ್ಲೋರೈಡು. ಕೆಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಯುರೇನಿಯಂ ಕೂಡ ಮಿತಿಮೀರಿದೆಯೆಂದು ವಿಜ್ಞಾನಿಗಳು ತೋರಿಸಿದ್ದಾರೆ. ಈ ನಾಲ್ಕೂ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿಯವರು ಬಹಳ ವರ್ಷಗಳಿಂದ ಅತಿಬಳಕೆಯ ಪಟ್ಟಿಯಲ್ಲಿ ಇಟ್ಟಿದ್ದಾರೆ. ಅಂದರೆ ಮಳೆ ನೆಲಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚನ್ನು ನಾವು ಎತ್ತಿದ್ದೇವೆ. ಆದಾಯಕ್ಕಿಂತ ಖರ್ಚು ಹೆಚ್ಚಾದ ಅಂಗಡಿ ಏನಾಗುತ್ತದೆಂದು ಇಲ್ಲಿನ ವ್ಯಾಪಾರಸ್ಥರಿಗೆ ನಾನು ಹೇಳಬೇಕೆ?

ಈಗ ರಾಜಿಯ ಕಥೆಗೆ ಬರೋಣ.

ಈ ಬಯಲುಸೀಮೆಯ ಜನ ಶಾಶ್ವತ ನೀರಾವರಿ ಬೇಕೆಂದು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ನೀರಾವರಿ ತಜ್ಞ ಜಿ. ಎಸ್. ಪರಮಶಿವಯ್ಯನವರ ವರದಿಯನ್ನು ಜಾರಿಗೆ ತನ್ನಿ ಎಂಬುದು ಅವರ ಬೇಡಿಕೆಯಾಗಿತ್ತು. ತಿಂಗಳುಗಟ್ಟಲೆ ಧರಣಿ ಕೂತರು. 2016ರ ಮಾರ್ಚಿನಲ್ಲಿ ಸಾಲು ಸಾಲು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟರು. ರಾಜಧಾನಿಯ ಉತ್ತರದ ಹೆದ್ದಾರಿ ಗಂಟೆಗಟ್ಟಲೆ ನಿಂತುಹೋಯಿತು. ಸರ್ಕಾರಗಳು ಅವರಿಗೆ ಕೊಟ್ಟದ್ದು ಎತ್ತಿನಹೊಳೆ. 2012ರಲ್ಲಿ ಮಂಜೂರಾದಾಗ ಅದರ ಅಂದಾಜು 8,323 ಕೋಟಿ ರೂಪಾಯಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಸಕಲೇಶಪುರದ ಹೊಳೆಗಳಿಂದ 24 ಟಿಎಂಸಿ ನೀರು ಎತ್ತಿ ಏಳು ಜಿಲ್ಲೆಗಳಿಗೆ ಹಂಚುತ್ತೇವೆ ಎಂದರು. ಆ ಕಣಿವೆಯಲ್ಲಿ ಒಟ್ಟು ಸಿಗುವ ನೀರೇ 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು 2015ರಲ್ಲಿ ಲೆಕ್ಕ ಹಾಕಿದರು. ಸರ್ಕಾರದವರು ಅದನ್ನು ಒಪ್ಪಲಿಲ್ಲ. ಒಪ್ಪದಿರಲಿ, ಆದರೆ ಸರ್ಕಾರದ ಲೆಕ್ಕ ಒಂದು ಕಡೆ, ವಿಜ್ಞಾನಿಗಳ ಲೆಕ್ಕ ಇನ್ನೊಂದು ಕಡೆ, ನಡುವೆ ಎರಡೂವರೆ ಪಟ್ಟು ಅಂತರವಿರುವಾಗ ಸಾವಿರಾರು ಕೋಟಿ ಸುರಿಯುವ ಮುಂಚೆ ಎರಡನ್ನೂ ಜನರ ಮುಂದಿಟ್ಟು ತಾಳೆ ನೋಡಬೇಕಾಗಿತ್ತು. ಚಿಂತಾಮಣಿಯ ಮಂಡಿಯಲ್ಲಿ ಒಂದು ಮೂಟೆ ಕಡಲೆಕಾಯಿ ತೂಕದಲ್ಲಿ ವ್ಯತ್ಯಾಸ ಬಂದರೆ ತಕ್ಕಡಿ ಬದಲಾಯಿಸಿ ತೂಗುತ್ತೇವೆ.

2014ರ ಮಾರ್ಚಿನಲ್ಲಿ ಲೋಕಸಭೆಯ ಚುನಾವಣೆ ಘೋಷಣೆಯಾಗುವ ಕೆಲವೇ ದಿನ ಮುಂಚೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲಿಟ್ಟರು. ಅವರೇ ಎರಡನೆಯ ಸಲ ಮುಖ್ಯಮಂತ್ರಿಯಾಗಿ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರದ ಕಡೆ ಮೊದಲ ಹಂತವನ್ನು ಉದ್ಘಾಟಿಸಿದರು. ಹತ್ತು ವರ್ಷದಲ್ಲಿ ಕಲ್ಲು ಇಲ್ಲಿ, ಬಾಗಿನ ಅಲ್ಲಿ. ಅಂದು ಎತ್ತಿದ ನೀರು ಇತ್ತ ಬರಲು ಕಾಲುವೆ ಮುಗಿದಿರಲಿಲ್ಲವಾಗಿ ವೇದಾವತಿಯ ಮೂಲಕ ವಾಣಿವಿಲಾಸ ಸಾಗರದ ಕಡೆಗೆ ಬಿಟ್ಟರು. ಚಿತ್ರದುರ್ಗದವರಿಗೆ ನೀರು ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ, ಅವರೂ ನಮ್ಮಂತೆ ಒಣಗಿದವರೇ. ಆದರೆ ಈ ನಡುವಿನ ವರ್ಷಗಳಲ್ಲಿ ಮೂರೂ ದೊಡ್ಡ ಪಕ್ಷಗಳು ಅಧಿಕಾರದಲ್ಲಿ ಕುಳಿತು ಎದ್ದವು. ಯಾವ ಪಕ್ಷವೂ ಯೋಜನೆಯನ್ನು ಬಿಡಲಿಲ್ಲ, ಯಾವ ಪಕ್ಷವೂ ನೀರಿನ ಲೆಕ್ಕವನ್ನು ಮತ್ತೆ ತೂಗಲಿಲ್ಲ. ಈ ಒಮ್ಮತಕ್ಕೆ ಏನು ಹೆಸರಿಡೋಣ?

ಅತ್ತ ದಕ್ಷಿಣ ಕನ್ನಡದವರು, ನೇತ್ರಾವತಿಯನ್ನು ಬತ್ತಿಸಬೇಡಿ ಎಂದು ಬೀದಿಗೆ ಬಂದರು. ಅವರನ್ನು ಬಯಲುಸೀಮೆಯ ಶತ್ರುಗಳೆಂದು ನಮಗೆ ಹೇಳಿಕೊಟ್ಟರು. ನಮ್ಮನ್ನು ನದಿ ಕದಿಯುವವರೆಂದು ಅವರಿಗೆ ಹೇಳಿಕೊಟ್ಟರು. ಭೈರಗೊಂಡ್ಲು ಜಲಾಶಯದ ವಿಷಯದಲ್ಲಿಯೂ ಹೀಗೇ. ಕೊರಟಗೆರೆಯ ರೈತನಿಗೆ ಒಂದು ಪರಿಹಾರ, ದೊಡ್ಡಬಳ್ಳಾಪುರದ ರೈತನಿಗೆ ಇನ್ನೊಂದು ಎಂಬ ತಕರಾರಿನಲ್ಲಿ ವರ್ಷಗಳು ಹೋದವು. ಬಡವ ಬಡವನ ಮೇಲೆ ಬಿದ್ದಾಗ ಗುತ್ತಿಗೆದಾರನ ಬಿಲ್ಲು ಸುಗಮವಾಗಿ ಪಾಸಾಗುತ್ತದೆ.

ಎರಡನೆಯ ರಾಜಿ ಇನ್ನೂ ಹತ್ತಿರದ್ದು. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ನಮ್ಮ ಕೆರೆ ತುಂಬಿಸುವ ಏರ್ಪಾಡು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರದ ಕಡೆಗೆ ಹರಿಯಿತು. ಹೆಬ್ಬಾಳ-ನಾಗವಾರ ಕಣಿವೆಯ ನೀರು ಆಮೇಲೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶುದ್ಧೀಕರಣದಲ್ಲಿ ಮೂರು ಹಂತ. ಮೊದಲ ಹಂತದಲ್ಲಿ ಕಸ, ಮಡ್ಡಿ ಕೆಳಗೆ ಕೂರುತ್ತದೆ. ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ತೆಗೆಯುತ್ತವೆ. ಮೂರನೆಯದರಲ್ಲಿ ಉಳಿದ ಸಾರಜನಕ, ರಂಜಕ, ರೋಗಾಣು ಇವನ್ನು ಸೋಸಿ ತೆಗೆಯಬೇಕು. ಖರ್ಚಿನದು ಈ ಮೂರನೆಯದೇ. ನಮಗೆ ಬಂದದ್ದು ಎರಡು ಹಂತದ ನೀರು. ಇದು ಕುಡಿಯುವುದಕ್ಕಲ್ಲ, ಅಂತರ್ಜಲ ಮರುಪೂರಣಕ್ಕೆ, ನೆಲವೇ ಸೋಸಿಕೊಳ್ಳುತ್ತದೆ ಎಂದರು. ಹೋರಾಟಗಾರರು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ ಹೈಕೋರ್ಟು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೋಲಾರದ ನೀರಿಗೆ ತಡೆ ಕೊಟ್ಟವು. ಆಮೇಲೆ ತಡೆ ತೆರವಾಯಿತು, ನೀರು ಹರಿಯಿತು.

ಇಲ್ಲಿ ನಾನು ನಿಮ್ಮಲ್ಲಿ ಕೆಲವರಿಗೆ ಹಿಡಿಸದ ಮಾತು ಹೇಳುತ್ತೇನೆ. ಆ ನೀರು ಬಂದದ್ದರಿಂದ ಕೋಲಾರದಲ್ಲಿ ಬತ್ತಿದ ಬಾವಿಗಳಲ್ಲಿ ನೀರು ಏರಿತು. ಮೂವತ್ತು ವರ್ಷ ಒಣಗಿದ ಕೆರೆಯಲ್ಲಿ ನೀರು ಕಂಡು ಕಣ್ಣೀರು ಹಾಕಿದ ರೈತನಿಗೆ 'ಇದು ಕೊಳಚೆಯಪ್ಪಾ, ಬೇಡ ಎನ್ನು' ಎಂದು ವೇದಿಕೆಯ ಮೇಲಿಂದ ಬೋಧಿಸುವ ಎದೆಗಾರಿಕೆ ನನಗಿಲ್ಲ. ಬಳಸಿದ ನೀರನ್ನು ಮತ್ತೆ ಬಳಸುವುದು ಈ ಬಿಸಿಲಿನ ಕಾಲದಲ್ಲಿ ಒಳ್ಳೆಯ ಕೆಲಸವೇ. ಆದ್ದರಿಂದ ಇದನ್ನು ತೆಗೆದುಕೊಂಡದ್ದೇ ಪಾಪ ಎಂದು ಹೇಳಲಾರೆ. ನನ್ನ ಆಕ್ಷೇಪಣೆ ಬೇರೆ. ಮೂರನೆಯ ಹಂತ ಬಾಕಿ ಇತ್ತಲ್ಲ, ಆ ಬಾಕಿಯನ್ನು ಯಾರು ಬರೆದಿಟ್ಟರು? ಯಾವ ತಾರೀಖಿಗೆ ಕೊಡುತ್ತೇವೆಂದು ಯಾರು ಸಹಿ ಮಾಡಿದರು? ಹೋರಾಟದವರು ಗಂಟಲು ಹರಿಯುವಂತೆ ಕೇಳಿದರು. ನಮ್ಮ ಶಾಸಕ ಮಹಾಶಯರು 'ಸಿಕ್ಕಿದ್ದನ್ನು ತಗೊಳ್ಳಿ, ಉಳಿದದ್ದು ಆಮೇಲೆ' ಎಂದರು. ಅಂಗಡಿಯಲ್ಲಿ ಗಿರಾಕಿ 'ಉಳಿದದ್ದು ಆಮೇಲೆ' ಎಂದರೆ ನೀವು ಏನು ಮಾಡುತ್ತೀರಿ? ಖಾತೆ ಪುಸ್ತಕ ತೆಗೆದು ಹೆಸರು, ಮೊಬಲಗು, ತಾರೀಖು ಬರೆಯುತ್ತೀರಿ. ಬರೆಯದಿದ್ದರೆ ಅದು ಬಾಕಿಯಲ್ಲ, ದಾನ.

ರಾಜಿಯೆಂದರೆ ನನಗೆ ಅಸಹ್ಯವಿಲ್ಲ, ಮಿತ್ರರೇ. ರಾಜಿಯಿಲ್ಲದೆ ಕಾರ್ಮಿಕ ಸಂಘವಿಲ್ಲ. ಬೋನಸ್ಸು ಇಪ್ಪತ್ತು ಕೇಳಿ ಹನ್ನೆರಡಕ್ಕೆ ಸಹಿ ಹಾಕಿದವರು ಇಲ್ಲಿ ಇದ್ದೀರಿ. ಆದರೆ ಎರಡು ಬಗೆಯ ರಾಜಿ ಇದೆ ಎಂಬುದನ್ನು ಗೌರಿಬಿದನೂರಿನವರು ಮರೆಯಬಾರದು. ನಿಮ್ಮ ಊರಿನಿಂದ ಕೂಗಳತೆಯಲ್ಲಿ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿ ಕಡಿಮೆ, ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು. ಆಮೇಲೆ ಏನಾಯಿತು? ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದರು. ಮೇ ತಿಂಗಳಲ್ಲಿ ಒಪ್ಪಂದವಾಯಿತು. ಮೈಸೂರು ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವೂ ಹಾರಬಹುದು, ಸತ್ಯಾಗ್ರಹಿಗಳ ಬಿಡುಗಡೆ, ಸುಧಾರಣಾ ಸಮಿತಿಯಲ್ಲಿ ಜವಾಬ್ದಾರಿ ಸರ್ಕಾರದ ವಿಚಾರ. ರಕ್ತ ಆರುವ ಮುಂಚೆ ರಾಜಿ ಮಾಡಿಕೊಂಡರಲ್ಲ ಎಂದು ಆಗ ಬೈದವರಿರಲೇಬೇಕು. ನಾನು ಅಂದು ಬದುಕಿದ್ದರೆ ನಾನೂ ಬೈಯುತ್ತಿದ್ದೆನೋ ಏನೋ. ಆದರೆ ಆ ರಾಜಿಯಲ್ಲಿ ಕೈಗೆ ಒಂದು ವಸ್ತು ಬಂತು: ಧ್ವಜ. ಬಾಕಿಯೊಂದು ಉಳಿಯಿತು: ಜವಾಬ್ದಾರಿ ಸರ್ಕಾರ. ಆ ಬಾಕಿಯನ್ನು ಮೈಸೂರಿನ ಜನ ಮರೆಯಲಿಲ್ಲ. ಒಂಬತ್ತು ವರ್ಷ ಬಿಡದೆ ಕೇಳಿದರು, 1947ರಲ್ಲಿ ಮೈಸೂರು ಚಲೋ ಎಂದು ಹೊರಟರು, ಆ ಅಕ್ಟೋಬರಿನಲ್ಲಿ ನಮ್ಮ ಕೋಲಾರ ಸೀಮೆಯವರೇ ಆದ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಬಾಕಿ ವಸೂಲಾಯಿತು.

ಕಾಗೋಡು ಸತ್ಯಾಗ್ರಹವನ್ನೂ ಇಲ್ಲಿ ನೆನೆಯಬೇಕು. 1951ರಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ ಎದ್ದ ಜಗಳ ಅದು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು, ಗೋಪಾಲಗೌಡರು ಅಲ್ಲಿಂದ ಎದ್ದು ಬಂದರು. ಆ ವರ್ಷ ನೋಡಿದವರಿಗೆ ಗೇಣಿದಾರರು ಸೋತಂತೆಯೇ ಕಂಡಿರಬೇಕು. 'ಎಲ್ಲಾ ಅಷ್ಟೇ ಬಿಡಿ' ಎಂದು ಸಾಗರದ ಹೋಟೆಲುಗಳಲ್ಲಿಯೂ ಅಂದಿರಬಹುದು. ಉಳುವವನಿಗೆ ಭೂಮಿ ಎಂಬ ಕಾಯಿದೆ 1974ರಲ್ಲಿ ಬಂತು. ಇಪ್ಪತ್ತಮೂರು ವರ್ಷ!

ಈ ಕಾಲಮಾನವೇ ನಮಗೆ ಈಗ ತೊಡಕು. ಮನುಷ್ಯನೊಡನೆ ಮಾಡಿಕೊಂಡ ರಾಜಿಯಲ್ಲಿ ಇಪ್ಪತ್ತು ವರ್ಷ ಕಾಯಬಹುದು, ಮುಂದಿನ ಪೀಳಿಗೆ ವಸೂಲು ಮಾಡೀತು. ನೆಲದಡಿಯ ನೀರು, ಮೇಲಿನ ಗಾಳಿ ಇವು ಕಾಯುವುದಿಲ್ಲ. ಗಾಳಿಗೆ ಹೋದ ಹೊಗೆ ನೂರಾರು ವರ್ಷ ಅಲ್ಲೇ ಇರುತ್ತದೆ. ಅಲ್ಲಿ 'ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ' ಎಂದು ಚೌಕಾಸಿ ಮಾಡಲು ಎದುರಿಗೆ ಯಾರೂ ಕುಳಿತಿಲ್ಲ.

ಲೋಕದ ದೊಡ್ಡವರು ಮಾತ್ರ ಚೌಕಾಸಿಯನ್ನೇ ನಡೆಸಿದ್ದಾರೆ. 2021ರಲ್ಲಿ ಗ್ಲಾಸ್ಗೋ ನಗರದಲ್ಲಿ ಸೇರಿದಾಗ ಕಲ್ಲಿದ್ದಲನ್ನು 'ಹಂತ ಹಂತವಾಗಿ ನಿಲ್ಲಿಸುವುದು' ಎಂದು ಕರಡಿನಲ್ಲಿತ್ತು. ಕೊನೆಯ ಗಳಿಗೆಯಲ್ಲಿ ನಮ್ಮ ಭಾರತದ ಒತ್ತಾಯದಿಂದ 'ಹಂತ ಹಂತವಾಗಿ ತಗ್ಗಿಸುವುದು' ಎಂದಾಯಿತು. ಅಧ್ಯಕ್ಷತೆ ವಹಿಸಿದ್ದವರ ಗಂಟಲು ಕಟ್ಟಿತು, ಕ್ಷಮೆ ಕೇಳಿದರು. ನಮ್ಮವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಇನ್ನೂರು ವರ್ಷ ಸುಟ್ಟವರು ಶ್ರೀಮಂತರು. ಅವರ ಎಣ್ಣೆ, ಅನಿಲಗಳ ಮಾತೆತ್ತದೆ ಬಡವರ ಕಲ್ಲಿದ್ದಲೊಂದನ್ನೇ ಹಿಡಿಯುವುದು ನ್ಯಾಯವಲ್ಲ. ಸರಿ. ಆದರೆ ಆ ನ್ಯಾಯದ ಹೆಸರಿನಲ್ಲಿ ಉಳಿದ ಕಲ್ಲಿದ್ದಲಿನ ಲಾಭ ಯಾರ ಗಲ್ಲಾಕ್ಕೆ ಹೋಗುತ್ತದೆ, ಅದರ ಬಿಸಿಲು ಯಾರ ಬೆನ್ನಿಗೆ ಬೀಳುತ್ತದೆ? ಗಣಿಯ ಧಣಿಗೂ ಗೌರಿಬಿದನೂರಿನ ಷೆಡ್ಡಿನ ಹುಡುಗಿಗೂ ಒಂದೇ ಬಾವುಟ ಹೊದಿಸಿ, ಇಬ್ಬರೂ ಬಡ ಭಾರತ ಎಂದರೆ ನಾವು ಒಪ್ಪತಕ್ಕದ್ದಲ್ಲ. 2023ರ ಸಮ್ಮೇಳನಕ್ಕಂತೂ ದುಬೈಯಲ್ಲಿ ಎಣ್ಣೆ ಕಂಪೆನಿಯ ಮುಖ್ಯಸ್ಥರೇ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತರು. ಹೆಂಡದ ಗುತ್ತಿಗೆದಾರನನ್ನು ಪಾನನಿರೋಧ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದ ಹಾಗೆ!

ಮನೆಯ ಹತ್ತಿರದ ಚೌಕಾಸಿಯೂ ಇದೆ. 2023ರ ಬರಕ್ಕೆ ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಿದ್ದು 18,171 ಕೋಟಿ. ತಿಂಗಳುಗಳು ಕಳೆದವು. ರೈತನಿಗೆ ಮೊದಲ ಕಂತೆಂದು ಎರಡು ಸಾವಿರ ರೂಪಾಯಿಯವರೆಗೆ ಕೊಟ್ಟರು. 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲಿನಲ್ಲಿ ಸುಮಾರು 3,454 ಕೋಟಿ ಬಂತು. ನಾವು ಕೊಟ್ಟೆವೆಂದು ಅವರು, ನಾವು ಕೊಡಿಸಿದೆವೆಂದು ಇವರು. ಚುನಾವಣೆಯ ಕಾಲವಾದ್ದರಿಂದ ಇಬ್ಬರಿಗೂ ಅದು ಸಾಕಾಯಿತು. ಕೇಳಿದ್ದಕ್ಕೂ ಬಂದದ್ದಕ್ಕೂ ನಡುವೆ ಇರುವ ಹದಿನಾಲ್ಕು ಸಾವಿರ ಕೋಟಿಯನ್ನು ಹೊತ್ತವರು ಯಾರು? ರಾಗಿ ಒಣಗಿದವನು ಹೊತ್ತ, ಅವನಿಗೆ ಸಾಲ ಕೊಟ್ಟ ಅಂಗಡಿಯವನು ಹೊತ್ತ, ಕೂಲಿ ಸಿಗದೆ ಬಸ್ಸು ಹತ್ತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವಳು ಹೊತ್ತಳು.

ಇಷ್ಟು ಹೊತ್ತು ಮೇಲಿನವರನ್ನು ಬೈದೆ, ಚಪ್ಪಾಳೆಯೂ ಬಂತು. ಈಗ ನಮ್ಮ ಕಡೆ ತಿರುಗೋಣ, ಇಲ್ಲಿ ಚಪ್ಪಾಳೆ ಬೇಡ.

1980ರ ದಶಕದ ಆರಂಭದಲ್ಲಿ ಸಾಮಾಜಿಕ ಅರಣ್ಯವೆಂದು ವಿಶ್ವಬ್ಯಾಂಕಿನ ಸಾಲ ತಂದು ಕೋಲಾರ ಸೀಮೆಯ ರಾಗಿ ಹೊಲಗಳಲ್ಲಿ ನೀಲಗಿರಿ ನೆಡಿಸಿದರು. ಹೊಲದೊಡೆಯನಿಗೆ ಅನುಕೂಲ: ಆಳು ಬೇಡ, ಕಾವಲು ಬೇಡ, ರೇಯಾನು ಕಾರ್ಖಾನೆಯ ತಿರುಳಿಗೆ ಮರ ಮಾರಿದರಾಯಿತು. ಕೂಲಿಯವನಿಗೆ ಕೆಲಸ ಹೋಯಿತು, ಊರಿಗೆ ರಾಗಿ ಹೋಯಿತು, ನೆಲಕ್ಕೆ ತೇವ ಹೋಯಿತು. 1983ರಲ್ಲಿ ತುಮಕೂರಿನ ಕಡೆ ರೈತಸಂಘದವರು ನರ್ಸರಿಗೆ ನುಗ್ಗಿ ಸಸಿ ಕಿತ್ತೆಸೆದಾಗ ಅವರನ್ನು ಪುಂಡರೆಂದು ಕರೆದವರಲ್ಲಿ ನಮ್ಮ ಪೇಟೆಗಳ ಸಂಭಾವಿತರೂ ಇದ್ದರು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಆಜ್ಞೆ ಮಾಡಿದ್ದು 2017ರಲ್ಲಿ. ಪುಂಡರು ಹೇಳಿದ್ದು ಸರಿಯೆಂದು ಒಪ್ಪಲು ಮೂವತ್ತನಾಲ್ಕು ವರ್ಷ ಬೇಕಾಯಿತು.

ಪಂಪ್‌ಸೆಟ್ಟಿಗೆ ಪುಕ್ಕಟೆ ವಿದ್ಯುತ್ತು ಎಂದಾಗ ನಾವೆಲ್ಲ ಜೈಕಾರ ಹಾಕಿದೆವು. ಸಾಲದ ರೈತನಿಗೆ ಅದು ಬೇಕೂ ಇತ್ತು, ಈಗಲೂ ಕಿತ್ತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ವಿದ್ಯುತ್ತಿನ ಜೊತೆಗೇ ಕೆರೆ ಹೂಳು ತೆಗೆಯಿರಿ, ನೀರಿಗೆ ಒಂದು ಮಿತಿ ಹಾಕಿ, ಸಾವಿರ ಅಡಿಯ ಧಣಿಗೂ ಇನ್ನೂರು ಅಡಿಯ ಬಡವನಿಗೂ ಒಂದೇ ಕಾನೂನು ಬೇಡ ಎಂದು ನಮ್ಮ ಪಕ್ಷದವರೂ ಗಟ್ಟಿಯಾಗಿ ಕೇಳಲಿಲ್ಲ. ಓಟು ಹೋದೀತೆಂಬ ಭಯ. ನಾನೂ ಆ ಭಯಪಟ್ಟವರಲ್ಲಿ ಒಬ್ಬ. 2011ರಲ್ಲಿ ಅಂತರ್ಜಲದ ಕಾಯಿದೆ ಬಂತು, ಗೊತ್ತುಪಡಿಸಿದ ತಾಲ್ಲೂಕುಗಳಲ್ಲಿ ಅನುಮತಿಯಿಲ್ಲದೆ ಬೋರ್ ಕೊರೆಯಬಾರದು ಎಂದಿತು. ಕಾಯಿದೆ ಪುಸ್ತಕದಲ್ಲಿದೆ, ಲಾರಿ ಹೊಲದಲ್ಲಿದೆ.

ಪೇಟೆಯ ಮಿತ್ರರಿಗೂ ಒಂದು ಮಾತು. ರಾಜಕಾಲುವೆಯ ಮೇಲೆ ಮಳಿಗೆ ಕಟ್ಟಿದವನು ಯಾವುದೋ ದೂರದ ಬಂಡವಾಳಗಾರ ಮಾತ್ರವೇ? ನಮ್ಮ ನಡುವಿನವರೂ ಇದ್ದಾರೆ. 'ನಾನು ಎರಡಡಿ ಬಿಟ್ಟರೆ ಕೆರೆ ತುಂಬಿಬಿಡುತ್ತದಾ, ದೊಡ್ಡವರು ಎಕರೆಗಟ್ಟಲೆ ನುಂಗಿದ್ದಾರೆ' ಎನ್ನುತ್ತಾರೆ. ಇದೇ 'ಎಲ್ಲಾ ಅಷ್ಟೇ ಬಿಡಿ'ಯ ಅಸಲು ರೂಪ. ಎಲ್ಲರೂ ಕಳ್ಳರೆಂದು ಮೊದಲು ತೀರ್ಮಾನಿಸಿಕೊಂಡರೆ ಆಮೇಲೆ ನಮ್ಮ ಎರಡಡಿಗೆ ಯಾರೂ ಲೆಕ್ಕ ಕೇಳುವುದಿಲ್ಲ. ಬಹಳ ತಿಳಿದವರ ಹಾಗೆ ಕಾಣುವ ಮಾತು ಅದು, ಮೋಸ ಹೋಗದವನ ಮಾತು. ಆದರೆ ಅದನ್ನಾಡುವವನು ದಿನವೂ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನು ತುಂಬಿಕೊಂಡು ಮನೆಗೆ ಹೋಗುತ್ತಾನೆ. ಅವನ ಅಜ್ಜ ನೀರಿಗೆ ಕಾಸು ಕೊಟ್ಟವನಲ್ಲ.

ಮೇಲಿನವರಿಗೆ ನಮ್ಮ ಕೋಪದ ಭಯವಿದೆ, ನಮ್ಮ ನಗುವಿನ ಭಯವಿಲ್ಲ. ಅಡಿಗಲ್ಲಿನ ದಿನ ನಂಬಿ ಹೋಗಿ ಚಪ್ಪಾಳೆ ತಟ್ಟಿದವನು ಮಾರನೆಯ ವರ್ಷ 'ಎಲ್ಲಿ ಸ್ವಾಮಿ ನೀರು?' ಎಂದು ಕೇಳಿಯಾನು. ಮೊದಲೇ ನಂಬದವನು ಕೇಳುವುದೇ ಇಲ್ಲ. ಹೀಗಿರುವಲ್ಲಿ ನಂಬದವನನ್ನು ಕಂಡರೆ ಮಂತ್ರಿಗಳಿಗೆ ಪ್ರೀತಿ.

ಈಗ ಕೆಲಸದ ಮಾತು. ಮೂರು ಊರುಗಳ ಸಂಗಾತಿಗಳೊಡನೆ ಮಾತಾಡಿ ಒಂದು ಸಣ್ಣ ಏರ್ಪಾಡು ಮಾಡಿದ್ದೇವೆ. ಪ್ರತಿ ಊರಿನಲ್ಲೂ ಒಂದು ಖಾತೆ ಪುಸ್ತಕ ತೆರೆಯುವುದು. ನೀರಿನ ವಿಷಯದಲ್ಲಿ ಯಾರು, ಯಾವ ದಿನ, ಯಾವ ಸಭೆಯಲ್ಲಿ, ಏನು ಕೊಡುತ್ತೇವೆಂದರೋ ಅದನ್ನು ಎಡಗಡೆ ಬರೆಯುವುದು. ಬಂದದ್ದನ್ನು ಬಲಗಡೆ ಬರೆಯುವುದು. ಪಕ್ಷಭೇದವಿಲ್ಲ, ನಮ್ಮವರು ಕೊಟ್ಟ ಮಾತನ್ನೂ ಬರೆಯತಕ್ಕದ್ದು. ಪುಸ್ತಕ ಅಂಗಡಿಯ ಗಲ್ಲಾದ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕು. ಶಿಡ್ಲಘಟ್ಟದಲ್ಲಿ ಇದನ್ನು ಇಟ್ಟುಕೊಳ್ಳಲು ಒಬ್ಬ ದಿನಸಿ ವ್ಯಾಪಾರಸ್ಥರು ಒಪ್ಪಿದ್ದಾರೆ. ಚಿಂತಾಮಣಿಯಲ್ಲಿ ಯಾರೆಂದು ಈ ರಾತ್ರಿಯೇ ತೀರ್ಮಾನವಾಗಬೇಕು.

ಎರಡನೆಯದಾಗಿ, ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ ಹತ್ತು ರೂಪಾಯಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂದು 2005ರ ಕಾಯಿದೆ ಹೇಳುತ್ತದೆ. ಕೆರೆಯ ಮೂಲ ವಿಸ್ತೀರ್ಣ ಎಷ್ಟು, ಈಗ ಅಳತೆಗೆ ಸಿಗುವುದೆಷ್ಟು, ಕೆರೆಗೆ ಬಿಟ್ಟ ನೀರಿನ ಪರೀಕ್ಷೆ ಯಾವ ಯಾವ ತಿಂಗಳು ಆಯಿತು, ಫಲಿತಾಂಶವೇನು, ಇಷ್ಟನ್ನು ಕೇಳಿ ಕರಡು ಬರೆದು ತಂದಿದ್ದೇನೆ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬಹುದು.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಅಮ್ಮನಕೆರೆಯ ಏರಿಯ ಮೇಲೆ ಸೇರೋಣ. ಗ್ರಾಮನಕ್ಷೆ ಹಿಡಿದುಕೊಂಡು ಕಾಲುವೆಯುದ್ದಕ್ಕೂ ನಡೆದು, ಎಲ್ಲೆಲ್ಲಿ ಮುಚ್ಚಿದೆಯೋ ಗುರುತು ಮಾಡುವುದು. ಯಾರ ಮಳಿಗೆ ಅಡ್ಡ ಬಂದರೂ ಗುರುತು ಮಾಡುವುದೇ. ಮಧ್ಯಾಹ್ನ ಎರಡಕ್ಕೆ ಪಾಳಿ ಇರುವ ಗಿರಣಿಯವರು ಹತ್ತಕ್ಕೆ ಬಿಡುವು ಮಾಡಿಕೊಂಡು ಹೋಗಬಹುದು. ಅಳತೆಯ ಟೇಪು, ಸುಣ್ಣ ನಾನು ತರುತ್ತೇನೆ. ಹೋಟೆಲಿನಲ್ಲಿ ಸಿಕ್ಕ ಆ ಇಬ್ಬರು ಹಿರಿಯರನ್ನು ಬಲ್ಲವರಿದ್ದರೆ ದಯವಿಟ್ಟು ಅವರಿಗೂ ತಿಳಿಸಿ.